ಅಕ್ಯುಪಂಕ್ಚರ್ ಕಲಿಯುವವರು ಅನಾಟಮಿ, ಫಿಸಿಯಾಲಜಿ, ಔಷಧಶಾಸ್ತ್ರವನ್ನು ಓದುವುದು ಹೇಗೆ?

"ನಾವು ಬಂದದ್ದು ಸೂಜಿ ಹಾಕೋದನ್ನ ಕಲಿಯೋಕೆ, ಇಲ್ಲಿ ನೋಡಿದ್ರೆ ಮತ್ತೆ ಪಿಯುಸಿ ಬಯಾಲಜಿ ಶುರುವಾಯ್ತಲ್ಲ!" ಅಕ್ಯುಪಂಕ್ಚರ್ ಕೋರ್ಸಿಗೆ ಸೇರಿದವರು ಮೊದಲ ತಿಂಗಳಲ್ಲೇ ಗೊಣಗುವ ಮಾತಿದು. ಚೀ (ದೇಹದ ಜೀವಶಕ್ತಿ), ಯಿನ್-ಯಾಂಗ್, ಮೆರಿಡಿಯನ್ (ಆ ಶಕ್ತಿ ಹರಿಯುತ್ತದೆನ್ನುವ ದಾರಿ) ಪಾಠವಿದ್ದ ದಿನ ತರಗತಿ ಭರ್ತಿ. ರೋಗಗಳ ಶಾಸ್ತ್ರವಾದ ಪೆಥಾಲಜಿ ಇದ್ದ ದಿನ ಹಿಂದಿನ ಬೆಂಚುಗಳೆಲ್ಲ ಖಾಲಿ. ಹಳೆಯ ಪ್ರಶ್ನೆಪತ್ರಿಕೆ ಉರು ಹೊಡೆದು ಪಾಸಾಗುವವರೂ ಕಡಿಮೆಯೇನಿಲ್ಲ.

ಸೂಜಿ ಹೋಗುವುದು ಮಾತ್ರ ಗೋಡೆಯ ಮೇಲಿನ ಮೆರಿಡಿಯನ್ ಪಟದೊಳಕ್ಕಲ್ಲ. ಅದರ ತುದಿಯ ಮುಂದೆ ಸ್ನಾಯು ಇದೆ, ನರ ಇದೆ, ಅಪಧಮನಿ ಇದೆ, ಎದೆ-ಬೆನ್ನಿನ ಕಡೆ ಶ್ವಾಸಕೋಶವೂ ಇದೆ. ಎಲ್ಲಿ ಎಷ್ಟು ಆಳಕ್ಕೆ ಹೋಗಬಹುದು, ಯಾರಿಗೆ ಸೂಜಿಯನ್ನೇ ಹಾಕದೆ ಆಸ್ಪತ್ರೆಗೆ ಕಳಿಸಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕೆಂದೇ ಈ ವಿಷಯಗಳನ್ನು ಇಟ್ಟಿರುವುದು. ಇವೆರಡನ್ನು ಮುಂದಿಟ್ಟುಕೊಂಡು ಓದಿದರೆ ಏನನ್ನು ಅರೆದು ಕುಡಿಯಬೇಕು, ಎಲ್ಲಿ ಮೇಲೆ ಮೇಲೆ ಹೋದರೂ ನಡೆಯುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಪಠ್ಯಕ್ರಮ ಕೇಳಿ ತರಿಸಿಕೊಳ್ಳಿ

ಫೀಸು ಕಟ್ಟುವ ಮುನ್ನವೇ ವಿಷಯವಾರು ಗಂಟೆಗಳ ಪಟ್ಟಿ ಕೇಳಿ. ಹೋಲಿಸಿ ನೋಡಲು ಒಂದೆರಡು ಅಳತೆಗೋಲುಗಳಿವೆ. ಅಮೆರಿಕದಲ್ಲಿ ಅಕ್ಯುಪಂಕ್ಚರ್ ಮಾಸ್ಟರ್ಸ್ ಪದವಿಗೆ ಬಹುಕಾಲ ಬಳಕೆಯಲ್ಲಿದ್ದ ಕನಿಷ್ಠ ಮಾನದಂಡ 1905 ಗಂಟೆ; ಅದರಲ್ಲಿ 450 ಗಂಟೆ ಬಯೋಮೆಡಿಕಲ್ ವಿಷಯಗಳಿಗೆ, 660 ಗಂಟೆ ಕ್ಲಿನಿಕ್ ತರಬೇತಿಗೆ. ಕ್ಯಾಲಿಫೋರ್ನಿಯಾ ಇನ್ನೂ ಕಟ್ಟುನಿಟ್ಟು: ಒಟ್ಟು 3000 ಗಂಟೆ, ಅದರಲ್ಲಿ 950 ಕ್ಲಿನಿಕ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಅನಾಟಮಿ, ಪೆಥಾಲಜಿಯಂಥ ಮೂಲವಿಜ್ಞಾನಕ್ಕೇ 350 ಗಂಟೆ ಅಲ್ಲಿ ಮೀಸಲು. ಆ ದೇಶದ ರಾಷ್ಟ್ರೀಯ ಪ್ರಮಾಣಪತ್ರ ಪರೀಕ್ಷೆಯಲ್ಲಿ ಬಯೋಮೆಡಿಸಿನ್ನಿಗೆ ಪ್ರತ್ಯೇಕ ಪತ್ರಿಕೆಯೇ ಇದೆ.

ನಮ್ಮಲ್ಲಿ ದಾರಿಗಳು ಬೇರೆ ಬೇರೆ. ಉಜಿರೆ, ಮೂಡುಬಿದಿರೆಯಂಥ ಕಡೆ ಬಿಎನ್‌ವೈಎಸ್ (ನ್ಯಾಚುರೋಪಥಿ ಮತ್ತು ಯೋಗ ಪದವಿ) ಓದುವವರಿಗೆ ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಇರುತ್ತದೆ. ಮೊದಲ ವರ್ಷವೇ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮುಗಿದು, ಅಕ್ಯುಪಂಕ್ಚರ್ ಬರುವ ಹೊತ್ತಿಗೆ ಅಡಿಪಾಯ ಬಿದ್ದಿರುತ್ತದೆ. ಅಂಚೆ ತೆರಪಿನ ಇಲ್ಲವೇ ವಾರಾಂತ್ಯದ ಡಿಪ್ಲೊಮಾ ಸೇರುವವರಿಗೆ ಈ ಅಡಿಪಾಯ ತಾನಾಗಿ ಸಿಗುವುದಿಲ್ಲ. ಈ ಲೇಖನ ಮುಖ್ಯವಾಗಿ ಅವರಿಗಾಗಿಯೇ. ಕೇಂದ್ರ ಸರ್ಕಾರ 2003ರಲ್ಲಿ ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನವೆಂದೂ 2019ರಲ್ಲಿ ಸ್ವತಂತ್ರ ಪದ್ಧತಿಯೆಂದೂ ಮಾನ್ಯ ಮಾಡಿತು. ಪಶ್ಚಿಮ ಬಂಗಾಳ, ಮಹಾರಾಷ್ಟ್ರಗಳಲ್ಲಿ ಇದಕ್ಕೆಂದೇ ಕಾಯ್ದೆಗಳಿವೆ. ಹಾಗೆಂದು ಗೋಡೆಗೆ ಪ್ರಮಾಣಪತ್ರ ನೇತುಹಾಕಿದ ಮಾತ್ರಕ್ಕೆ ಎಲ್ಲ ರಾಜ್ಯದಲ್ಲೂ ಕ್ಲಿನಿಕ್ ತೆರೆಯಬಹುದೆಂದು ತಿಳಿಯಬೇಡಿ. ನಿಮ್ಮ ಜಿಲ್ಲೆಯ ಆರೋಗ್ಯ ಇಲಾಖೆಯಲ್ಲಿ ವಿಚಾರಿಸಿ, ಆಮೇಲೆ ದುಡ್ಡು ಕಟ್ಟಿ.

ಪಟ್ಟಿಯಲ್ಲಿ ಅನಾಟಮಿಗೆ "ಪರಿಚಯಾತ್ಮಕ" ಎಂದು ಮಾತ್ರ ಬರೆದು ಗಂಟೆ ನಮೂದಿಸಿಲ್ಲವೆಂದರೆ ಆ ಕೋರ್ಸಿನ ಬಗ್ಗೆ ನನಗೆ ಅನುಮಾನ ಶುರುವಾಗುತ್ತದೆ.

ಹಳೆಯ ಬಯಾಲಜಿಯನ್ನು ಒಮ್ಮೆ ತಿರುವಿಹಾಕಿ

ಕಲಾ ಅಥವಾ ವಾಣಿಜ್ಯ ಓದಿ ಬಂದವರು ಹೆದರಬೇಕಿಲ್ಲ. ಪಿಯುಸಿ ಜೀವಶಾಸ್ತ್ರದಲ್ಲಿ ಮಾನವ ಶರೀರದ ಅಧ್ಯಾಯಗಳಷ್ಟನ್ನು ಓದಿಕೊಂಡರೆ ಆರಂಭಕ್ಕೆ ಸಾಕು: ಉಸಿರಾಟ, ರಕ್ತಪರಿಚಲನೆ, ನರಮಂಡಲ, ಹಾರ್ಮೋನು, ಮೂಳೆ-ಸ್ನಾಯು. ಸಸ್ಯಗಳನ್ನು ಬಿಟ್ಟುಬಿಡಿ. ರಸಾಯನಶಾಸ್ತ್ರದಲ್ಲಿ ಪಿಎಚ್ ಎಂದರೇನು, ಗ್ಲುಕೋಸ್ ಎಂದರೇನು, ಪ್ರೋಟೀನ್ ಎಂದರೇನು ಎಂದು ಗೊತ್ತಿದ್ದರೆ ಆಯಿತು.

ಅನಾಟಮಿಯನ್ನು ಬಿಂದುಗಳ ಜೊತೆಗೇ ಓದಿ

ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದೇ. ಕಾಲೇಜುಗಳು ಸಾಮಾನ್ಯವಾಗಿ ಅನಾಟಮಿಯನ್ನು ಬೆಳಿಗ್ಗೆ, ಸೂಜಿ ಹಾಕುವ ಬಿಂದುಗಳನ್ನು ಮಧ್ಯಾಹ್ನ, ಬೇರೆ ಬೇರೆ ಉಪನ್ಯಾಸಕರಿಂದ ಹೇಳಿಸುತ್ತವೆ. ವಿದ್ಯಾರ್ಥಿಯ ತಲೆಯೊಳಗೂ ಅವು ಬೇರೆ ಬೇರೆಯಾಗಿಯೇ ಕೂರುತ್ತವೆ. ನೀವೇ ಜೋಡಿಸಿಕೊಳ್ಳಬೇಕು. ಒಂದೊಂದು ಬಿಂದುವಿಗೂ ಪುಸ್ತಕದಲ್ಲಿ ಒಂದು ಪುಟ ಬಿಡಿ. ಚರ್ಮದಿಂದ ಕೆಳಕ್ಕೆ ಪದರ ಪದರವಾಗಿ ಏನೇನಿದೆ, ಪಕ್ಕದಲ್ಲಿ ಯಾವ ನರ, ಯಾವ ರಕ್ತನಾಳ, ಸೂಜಿ ಯಾವ ಕೋನದಲ್ಲಿ ಹೋಗಬೇಕು, ಮಿತಿ ಮೀರಿ ಹೋದರೆ ಏನನ್ನು ಮುಟ್ಟುತ್ತದೆ: ಇಷ್ಟನ್ನು ಬರೆಯಿರಿ.

ಪಿಸಿ 6 ಬಿಂದುವನ್ನೇ ತೆಗೆದುಕೊಳ್ಳಿ (ಅಕ್ಷರಗಳು ಮೆರಿಡಿಯನ್ನಿನ ಹೆಸರಿನ ಗಿಡ್ಡರೂಪ, ಅಂಕಿ ಅದರ ಮೇಲಿನ ಕ್ರಮಸಂಖ್ಯೆ). ವಾಕರಿಕೆಗೆ ಎಲ್ಲರೂ ಬಳಸುವ ಬಿಂದು. ಮಣಿಕಟ್ಟಿನ ಗೆರೆಯಿಂದ ಎರಡು ಚುನ್ (ಒಂದು ಚುನ್ ಎಂದರೆ ರೋಗಿಯ ಹೆಬ್ಬೆರಳಿನ ಅಗಲ) ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ. ಹೆಬ್ಬೆರಳು-ಕಿರುಬೆರಳು ಕೂಡಿಸಿ ಮಣಿಕಟ್ಟು ಸ್ವಲ್ಪ ಮಡಚಿದರೆ ಹಗ್ಗದಂತೆ ಎದ್ದು ನಿಲ್ಲುವುದು ಅದರಲ್ಲೊಂದು, ಪಾಲ್ಮಾರಿಸ್ ಲಾಂಗಸ್. ಕೆಲವರ ಕೈಯಲ್ಲಿ ಅದು ಹುಟ್ಟಿನಿಂದಲೇ ಇರುವುದಿಲ್ಲ. ಅದನ್ನೇ ನಂಬಿಕೊಂಡು ಬಿಂದು ಹುಡುಕುವವರು ಅಂಥವರ ಕೈ ಹಿಡಿದಾಗ ತಬ್ಬಿಬ್ಬಾಗುತ್ತಾರೆ. ಬಿಂದುವಿನ ಕೆಳಗೇ ಮೀಡಿಯನ್ ನರ ಹಾದುಹೋಗುತ್ತದೆ. ಸೂಜಿ ಹಾಕಿದಾಗ ಬೆರಳಿನ ತುದಿವರೆಗೆ ಕರೆಂಟ್ ಹೊಡೆದಂತಾದರೆ "ಚೀ ಬಂತು" ಎಂದು ಹಿಗ್ಗಬೇಡಿ. ನರಕ್ಕೆ ತಾಗಿದೆ, ಕೂಡಲೇ ಹಿಂದಕ್ಕೆ ಎಳೆಯಿರಿ.

ಎದೆ ಮತ್ತು ಬೆನ್ನನ್ನು ಓದುವಾಗ ನಿಮ್ಮ ಬ್ಯಾಚಿನ ಒಬ್ಬರನ್ನು ಕೂರಿಸಿಕೊಂಡು ಚರ್ಮದ ಮೇಲೆ ಬರೆಯಬಹುದಾದ ಪೆನ್ಸಿಲ್ಲಿನಿಂದ ಶ್ವಾಸಕೋಶದ ಗಡಿ ಗುರುತಿಸಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆ ಸಾಮಾನ್ಯವಾಗಿ ಏಳನೆಯ ಕತ್ತಿನ ಕಶೇರು. ಹೆಗಲಮೂಳೆಯ ಕೆಳತುದಿ ಏಳನೆಯ ಎದೆ ಕಶೇರುವಿನ ಮಟ್ಟ. ಸೊಂಟದ ಎರಡೂ ಬದಿಯ ಮೂಳೆಯಂಚು ಸೇರಿಸಿ ಗೆರೆ ಎಳೆದರೆ ನಾಲ್ಕನೆಯ ಸೊಂಟದ ಕಶೇರು. ಇವನ್ನು ಕೈಬೆರಳಿಂದ ಹುಡುಕುವುದು ರೂಢಿಯಾಗಬೇಕು. ಶ್ವಾಸಕೋಶದ ಕೆಳಗಡಿ ಮುಂದೆ ಆರನೆಯ ಪಕ್ಕೆಲುಬು, ಕಂಕುಳ ಕೆಳಗೆ ಎಂಟನೆಯದು, ಹಿಂದೆ ಬೆನ್ನುಮೂಳೆ ಪಕ್ಕ ಹತ್ತನೆಯದು. ಅದನ್ನು ಸುತ್ತಿರುವ ಪ್ಲೂರಾ ಎಂಬ ಪೊರೆ ಎರಡು ಪಕ್ಕೆಲುಬು ಇನ್ನೂ ಕೆಳಕ್ಕೆ: ಎಂಟು, ಹತ್ತು, ಹನ್ನೆರಡು. ಈಗ ಆ ಗಡಿಯೊಳಗೆ ಎಷ್ಟು ಅಕ್ಯುಪಂಕ್ಚರ್ ಬಿಂದುಗಳು ಬೀಳುತ್ತವೆ ಎಂದು ಎಣಿಸಿ. ಬೆನ್ನ ಮೇಲಿನ ಬ್ಲಾಡರ್ ಮೆರಿಡಿಯನ್ನಿನ ಸಾಲು ಬಹುಪಾಲು ಅಲ್ಲೇ ಇದೆ.

ಹೆಗಲಮೂಳೆಯ ಒಳಅಂಚಿನ ನೇರಕ್ಕೂ ಮುಂದೆ ಕಾಲರ್ ಮೂಳೆಯ ಮಧ್ಯದ ನೇರಕ್ಕೂ ಶ್ವಾಸಕೋಶ ಚರ್ಮದಿಂದ 10ರಿಂದ 20 ಮಿಲಿಮೀಟರ್ ಕೆಳಗಷ್ಟೇ ಇರುವುದುಂಟು. ಭುಜದ ಮೇಲಿನ ಜಿಬಿ 21 ಕುತ್ತಿಗೆ ನೋವಿನವರಿಗೆಲ್ಲ ಹಾಕುವ ಬಿಂದು. ಅದರಡಿಯಲ್ಲೇ ಶ್ವಾಸಕೋಶದ ತುದಿ. ತೆಳ್ಳಗಿನ ಹುಡುಗಿಯರಿಗೆ, ದಮ್ಮಿನ ಕಾಯಿಲೆಯಿಂದ ಎದೆ ಉಬ್ಬಿದ ಹಿರಿಯರಿಗೆ ಇಲ್ಲಿ ನೇರಕ್ಕೆ ಆಳವಾಗಿ ಚುಚ್ಚುವುದು ಅಪಾಯ. ಶ್ವಾಸಕೋಶಕ್ಕೆ ತೂತಾಗಿ ಗಾಳಿ ಸೋರಿದರೆ ಅದಕ್ಕೆ ನ್ಯೂಮೋಥೊರಾಕ್ಸ್ ಎನ್ನುತ್ತಾರೆ. ಲಕ್ಷಣ ಆಗಲೇ ಕಾಣಬೇಕೆಂದಿಲ್ಲ. ಮನೆಗೆ ಹೋಗಿ ಕೆಲವು ಗಂಟೆಗಳಾದ ಮೇಲೆ ಎದೆ ಹಿಡಿದುಕೊಳ್ಳಬಹುದು, ಏದುಸಿರು ಬರಬಹುದು. ಅದಕ್ಕೇ ಬೆನ್ನಿಗೆ ಸೂಜಿ ಹಾಕಿಸಿಕೊಂಡವರಿಗೆ "ಉಸಿರಾಟ ಕಷ್ಟವಾದರೆ ನನಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ, ಸೂಜಿ ಹಾಕಿಸಿಕೊಂಡದ್ದನ್ನು ಹೇಳಿ" ಎಂದು ಹೇಳಿ ಕಳಿಸಬೇಕು.

ಎದೆಮೂಳೆಯ ಮೇಲಿನ ಸಿವಿ 17 ಇನ್ನೊಂದು ಮೋಸದ ಜಾಗ. ಕೆಳಗೆ ಗಟ್ಟಿ ಮೂಳೆ ಇದೆಯಲ್ಲ ಎಂದು ಧೈರ್ಯ ಬರುತ್ತದೆ. ಆದರೆ ನೂರರಲ್ಲಿ ಕೆಲವರಿಗೆ ಆ ಮೂಳೆಯಲ್ಲೇ ಹುಟ್ಟಿನಿಂದ ಒಂದು ರಂಧ್ರವಿರುತ್ತದೆ, ಹೊರಗಿನಿಂದ ಮುಟ್ಟಿದರೆ ತಿಳಿಯುವುದಿಲ್ಲ. ಅದರ ಹಿಂದೆ ಹೃದಯ. ಈ ದಾರಿಯಲ್ಲಿ ಸೂಜಿ ಹೋಗಿ ಸಾವು ಸಂಭವಿಸಿದ್ದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಅಲ್ಲಿ ಯಾವಾಗಲೂ ಚರ್ಮಕ್ಕೆ ಓರೆಯಾಗಿ ಮಾತ್ರ.

ಪದರ ಪದರವಾಗಿ ಬರೆದಿಡಬೇಕಾದ ಮಿಕ್ಕ ಬಿಂದುಗಳು: ಕತ್ತಿನ ಕರೋಟಿಡ್ ಅಪಧಮನಿಯ ಬಳಿಯ ಎಸ್‌ಟಿ 9, ತಲೆಬುರುಡೆಯ ಬುಡದ ಜಿವಿ 15 ಮತ್ತು 16, ಕಣ್ಣಿನಂಚಿನ ಬಿಎಲ್ 1, ಮಣಿಕಟ್ಟಿನ ಅಪಧಮನಿಯ ಪಕ್ಕದ ಎಲ್‌ಯು 9, ಮಂಡಿಯ ಹಿಂದಿನ ಬಿಎಲ್ 40, ಹನ್ನೆರಡನೆಯ ಪಕ್ಕೆಲುಬಿನ ತುದಿಯ ಜಿಬಿ 25. ಬಸುರಿಯರಿಗೆ ಎಲ್‌ಐ 4, ಎಸ್‌ಪಿ 6 ಬೇಡವೆಂಬುದು ಪರಂಪರೆಯ ನಿಷೇಧ. ಪರೀಕ್ಷೆಯಲ್ಲೂ ಕೇಳುತ್ತಾರೆ, ಕ್ಲಿನಿಕ್ಕಿನಲ್ಲೂ ಪಾಲಿಸಿ.

ಅಕ್ಯುಪಂಕ್ಚರಿಗೆ ಅನಾಟಮಿ ಹೊರಗಿನಿಂದ ಅಂಟಿಸಿದ್ದು ಎನ್ನುವವರಿಗೆ ಒಂದು ಮಾತು. ಇಂದು ನಾವು ಬಳಸುವ ರೂಪಕ್ಕೆ ಬಹುಪಾಲು ಕಾರಣನಾದ ಚೆಂಗ್ ದಾನ್‌ಆನ್ ಎಂಬ ಚೀನಿ ವೈದ್ಯ 1930ರ ದಶಕದಲ್ಲೇ ಬಿಂದುಗಳ ಸ್ಥಾನವನ್ನು ಅನಾಟಮಿಗೆ ಹೊಂದಿಸಿ, ರಕ್ತನಾಳಗಳಿಂದ ದೂರ ಸರಿಸಿ ಬರೆದಿದ್ದ. ಭಾರತಕ್ಕೆ ಇದನ್ನು ತಂದ ಡಾ. ಬಿ.ಕೆ. ಬಸು ಕೂಡ ಆಧುನಿಕ ವೈದ್ಯಶಾಸ್ತ್ರ ಓದಿದ್ದ ವೈದ್ಯರೇ. ನಮ್ಮ ಪಕ್ಕದ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರ ಜೊತೆ 1938ರಲ್ಲಿ ಚೀನಾಕ್ಕೆ ಹೋದ ವೈದ್ಯ ತಂಡದವರು.

ಫಿಸಿಯಾಲಜಿಯಲ್ಲಿ ನೋವಿನ ಅಧ್ಯಾಯಕ್ಕೆ ಹೆಚ್ಚು ಸಮಯ

ಮೂತ್ರಪಿಂಡದ ನೆಫ್ರಾನ್ ಚಿತ್ರ ಬಿಡಿಸುತ್ತ ಕೂರುವುದಕ್ಕಿಂತ ನೋವು ಹೇಗೆ ಮಿದುಳಿಗೆ ತಲುಪುತ್ತದೆ ಎಂಬುದನ್ನು ಚೆನ್ನಾಗಿ ಓದಿ. ನೋವನ್ನು ಹೊತ್ತೊಯ್ಯುವ ಎ-ಡೆಲ್ಟಾ ಮತ್ತು ಸಿ ನರತಂತುಗಳು, ಬೆನ್ನುಹುರಿಯ ಹಿಂಬದಿಯ ಕೊಂಬು, 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದ ಗೇಟ್ ಕಂಟ್ರೋಲ್ ಸಿದ್ಧಾಂತ (ನೋವಿನ ಸಂದೇಶವನ್ನು ಬೆನ್ನುಹುರಿ ಬಾಗಿಲಿನಂತೆ ತಡೆಯಬಲ್ಲದೆಂಬುದು), ಆಮೇಲೆ ದೇಹವೇ ತಯಾರಿಸುವ ನೋವುಶಮನಕ ಎಂಡಾರ್ಫಿನ್‌ಗಳು. 1976-77ರ ಪ್ರಯೋಗಗಳಲ್ಲಿ ನಲೊಕ್ಸೋನ್ ಕೊಟ್ಟರೆ ಅಕ್ಯುಪಂಕ್ಚರಿನ ನೋವುಶಮನ ಕುಗ್ಗುತ್ತದೆಂದು ಕಂಡುಬಂತು. ಅಫೀಮಿನ ಜಾತಿಯ ಮದ್ದುಗಳನ್ನು ತಡೆಯುವ ಔಷಧ ಅದು. ಅಂದರೆ ದೇಹದ ಸ್ವಂತ ಅಫೀಮಿನಂಥ ವಸ್ತುಗಳು ಇದರಲ್ಲಿ ಕೆಲಸ ಮಾಡುತ್ತಿವೆ ಎಂದಾಯಿತು. ಬೀಜಿಂಗಿನ ಹಾನ್ ಜಿಶೆಂಗ್ ಇದನ್ನು ಮುಂದುವರಿಸಿ, ಸೂಜಿಗೆ ಸಣ್ಣ ಕರೆಂಟ್ ಹರಿಸುವ ಎಲೆಕ್ಟ್ರೋ ಅಕ್ಯುಪಂಕ್ಚರಿನಲ್ಲಿ 2 ಹರ್ಟ್ಸ್‌ಗೆ ಎನ್‌ಕೆಫಲಿನ್, 100 ಹರ್ಟ್ಸ್‌ಗೆ ಡೈನಾರ್ಫಿನ್ ಎಂಬ ಅಂಥ ವಸ್ತುಗಳು ಬಿಡುಗಡೆಯಾಗುತ್ತವೆಂದು ತೋರಿಸಿದರು. ಯಂತ್ರದ ಗುಂಡಿ ತಿರುಗಿಸುವ ಮುನ್ನ ಇಷ್ಟು ತಿಳಿದಿರಲಿ.

ಜೊತೆಗೆ ತಲೆಸುತ್ತು ಬಂದು ಬೀಳುವುದರ ಫಿಸಿಯಾಲಜಿ. ಮೊದಲ ಬಾರಿ ಸೂಜಿ ಕಂಡವರು, ಖಾಲಿ ಹೊಟ್ಟೆಯಲ್ಲಿ ಬಂದವರು ಬೆವೆತು, ಬಿಳಿಚಿ, ನಾಡಿ ನಿಧಾನವಾಗಿ ಒರಗುತ್ತಾರೆ. ಸೂಜಿಗಳನ್ನು ತೆಗೆದು ಮಲಗಿಸಿ ಕಾಲೆತ್ತಿದರೆ ಚೇತರಿಸಿಕೊಳ್ಳುತ್ತಾರೆ. ಅದೇ ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟು ಬಂದಿದ್ದರೆ ಇದು ಸಕ್ಕರೆ ಇಳಿದದ್ದೂ ಇರಬಹುದು. ಗ್ಲುಕೋಮೀಟರ್ ಮೇಜಿನ ಮೇಲೇ ಇರಲಿ. ಮೊದಲ ಸಲ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಸೂಜಿ ಹಾಕಬೇಡಿ, ಮಲಗಿಸಿಯೇ ಹಾಕಿ.

ಪೆಥಾಲಜಿ: ಕೆಂಪು ಬಾವುಟಗಳ ಪುಸ್ತಕ ಮಾಡಿಕೊಳ್ಳಿ

ಇಡೀ ಪೆಥಾಲಜಿಯನ್ನು ಎಂಬಿಬಿಎಸ್ ವಿದ್ಯಾರ್ಥಿಯಂತೆ ಓದುವುದು ಆಗದ ಮಾತು, ಬೇಕೂ ಇಲ್ಲ. ಕ್ಲಿನಿಕ್ಕಿಗೆ ಹೆಚ್ಚಾಗಿ ಬರುವ ದೂರುಗಳಿಂದ ಹಿಂದಕ್ಕೆ ಹೋಗಿ. ಸೊಂಟನೋವು, ತಲೆನೋವು, ಭುಜನೋವು, ಮಂಡಿನೋವು, ನಿದ್ದೆ, ಗ್ಯಾಸ್ಟ್ರಿಕ್. ಒಂದೊಂದಕ್ಕೂ "ಇದು ಸಾಮಾನ್ಯದ್ದಲ್ಲ" ಎನ್ನುವ ಲಕ್ಷಣಗಳೇನು ಎಂದು ಬರೆದುಕೊಳ್ಳಿ.

ಸೊಂಟನೋವಿನವರು ಮೂತ್ರ ಕಟ್ಟಿದೆ ಅಥವಾ ಗೊತ್ತಾಗದೆ ಹೋಗುತ್ತದೆ ಎಂದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯುತ್ತಿಲ್ಲ ಎಂದರೆ, ಎರಡೂ ಕಾಲು ಸೋಲುತ್ತಿದ್ದರೆ ಅದು ಕಾಡ ಈಕ್ವೈನಾ (ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಕೊಳ್ಳುವುದು) ಇರಬಹುದು. ಅಂದೇ, ಆ ಗಂಟೆಯೇ ಆಸ್ಪತ್ರೆ. ಸಂಜೆ ಜ್ವರ, ತೂಕ ಇಳಿತ, ರಾತ್ರಿ ಎಬ್ಬಿಸುವ ನೋವು ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿಯನ್ನು ಮರೆಯುವಂತಿಲ್ಲ. ಹಿಂದೆ ಕ್ಯಾನ್ಸರ್ ಇದ್ದವರ ಹೊಸ ಮೂಳೆನೋವೂ ಹಾಗೆಯೇ. ತಲೆನೋವಿನಲ್ಲಿ ಸಿಡಿಲು ಬಡಿದಂತೆ ಒಮ್ಮೆಗೇ ಬಂದದ್ದು, ಜ್ವರದ ಜೊತೆ ಕುತ್ತಿಗೆ ಬಿಗಿದದ್ದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾಗಿ ಅಗಿಯುವಾಗ ದವಡೆ ನೋಯುವುದು, ಇವೆಲ್ಲ ಅಪಾಯದ ಗುರುತುಗಳು. ಎಡಭುಜ ನೋವೆಂದು ಬಂದವರು ಬೆವರುತ್ತಿದ್ದರೆ ಇಸಿಜಿ ಮೊದಲು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಸೂಜಿಯೂ ಬೇಡ, ತಿಕ್ಕುವುದೂ ಬೇಡ.

ಇವನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿದರೆ ಕ್ಲಿನಿಕ್ಕಿನಲ್ಲಿ ನೆನಪಿಗೆ ಬರುವುದಿಲ್ಲ. ಇಬ್ಬರು ಕೂತು ಒಬ್ಬರು ರೋಗಿಯಾಗಿ, ಇನ್ನೊಬ್ಬರು ಪ್ರಶ್ನೆ ಕೇಳುತ್ತ ಅಭ್ಯಾಸ ಮಾಡಿ, ಅದೂ ಆಡುಕನ್ನಡದಲ್ಲಿ. "ಸ್ಯಾಡಲ್ ಅನಸ್ತೀಸಿಯಾ ಇದೆಯಾ?" ಎಂದು ಯಾವ ಅಜ್ಜಿಯನ್ನೂ ಕೇಳಲಾಗದು. "ತೊಳ್ಕೊಳ್ಳುವಾಗ ಕೈ ತಾಗಿದ್ದು ಗೊತ್ತಾಗುತ್ತಾ ಅಮ್ಮಾ?" ಎಂದು ಕೇಳಲು ನಾಲಿಗೆ ಪಳಗಬೇಕು.

ಔಷಧಗಳ ವಿಷಯದಲ್ಲಿ ಮಾತ್ರೆಯ ಪಟ್ಟಿಯಿಂದಲೇ ಶುರುಮಾಡಿ

ಫಾರ್ಮಕಾಲಜಿ ಪುಸ್ತಕ ದಪ್ಪ. ನಿಮ್ಮ ಮನೆಯ, ನೆರೆಯ ಹಿರಿಯರ ಮಾತ್ರೆ ಡಬ್ಬಿ ತೆರೆದು ಓದಲು ಶುರುಮಾಡಿ. ನಾಳೆ ಬರುವ ರೋಗಿಗಳೂ ಇವನ್ನೇ ನುಂಗುತ್ತಿರುತ್ತಾರೆ. ರಕ್ತ ತೆಳುವಾಗಿಸುವ ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್, ಸಕ್ಕರೆಗೆ ಗ್ಲಿಮೆಪಿರೈಡ್, ಇನ್ಸುಲಿನ್, ರೋಗನಿರೋಧಕ ಶಕ್ತಿ ಕುಗ್ಗಿಸುವ ಸ್ಟೀರಾಯ್ಡ್, ಮೆಥೊಟ್ರೆಕ್ಸೇಟ್. ರಕ್ತ ತೆಳುವಾದವರಿಗೆ ಆಳದ ಸೂಜಿ ಬೇಡ, ತೆಗೆದ ಮೇಲೆ ಹತ್ತಿ ಒತ್ತಿ ಹಿಡಿಯುವ ಹೊತ್ತು ಹೆಚ್ಚಿಸಿ. ರೋಗನಿರೋಧಕ ಶಕ್ತಿ ಕುಗ್ಗಿಸುವ ಮದ್ದಿನವರಿಗೆ ಸೋಂಕಿನ ಭಯ ಹೆಚ್ಚು. ಪೇಸ್‌ಮೇಕರ್ ಇದ್ದವರಿಗೆ ಎಲೆಕ್ಟ್ರೋ ಅಕ್ಯುಪಂಕ್ಚರ್ ಬೇಡ.

ಇನ್ನೊಂದು ಸೂಕ್ಷ್ಮವನ್ನು ಕೆಲವೇ ಶಿಕ್ಷಕರು ಹೇಳಿಕೊಡುತ್ತಾರೆ. ಚೀನಿ ಪದ್ಧತಿಯ ನಾಡಿ ಪರೀಕ್ಷೆ, ನಾಲಿಗೆ ಪರೀಕ್ಷೆಗಳನ್ನೂ ಮಾತ್ರೆಗಳು ಬದಲಿಸುತ್ತವೆ. ಬಿಪಿ ಮಾತ್ರೆ ಅಟೆನೊಲಾಲ್ ನುಂಗುವವರ ನಾಡಿ ನಿಧಾನವೇ. ಅದನ್ನು "ಶೀತ" ಎಂದು ಓದಿದರೆ ಕೆಟ್ಟಿತು. ಅದೇ ಮಾತ್ರೆ ಸಕ್ಕರೆ ಇಳಿದಾಗಿನ ನಡುಕ, ಎದೆಬಡಿತವನ್ನೂ ಮುಚ್ಚಿಡುತ್ತದೆ. ನಮ್ಮ ಕಡೆ ಎಲೆಅಡಿಕೆ ಹಾಕಿಕೊಂಡು ಬಂದವರ ನಾಲಿಗೆ ನೋಡಿ "ಒಳಗೆ ಉಷ್ಣ" ಎಂದು ಬರೆಯುವ ಹುಮ್ಮಸ್ಸಿನ ವಿದ್ಯಾರ್ಥಿಗಳಿಗೇನೂ ಬರವಿಲ್ಲ. ಮೊದಲು ಬಾಯಿ ಮುಕ್ಕಳಿಸಿ ಬರಲು ಹೇಳಿ.

ಯಾವ ಮಾತ್ರೆಯನ್ನೂ ನಿಲ್ಲಿಸಿ ಎಂದು ನೀವು ಹೇಳುವಂತಿಲ್ಲ. ಬಿಪಿ ಇಳಿದಿದೆ ಅನ್ನಿಸಿದರೂ ಮಾತ್ರೆ ಬರೆದ ವೈದ್ಯರ ಬಳಿಗೆ ಕಳಿಸಿ.

ಸೋಂಕು ತಡೆ: ಓದಿಗಿಂತ ಕೈಯ ರೂಢಿ

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಕ್ಲಿನಿಕ್ ತರಬೇತಿಗೆ ಮುನ್ನವೇ ಶುರುವಾಗಿರಬೇಕು. ಒಮ್ಮೆ ಬಳಸಿ ಎಸೆಯುವ ಸೂಜಿ ಮಾತ್ರ. ಕುದಿಸಿ ಮರುಬಳಕೆ ಮಾಡುವ ಕಡೆ ತರಬೇತಿಗೆ ನಿಲ್ಲಬೇಡಿ, ಗುರು ಎಷ್ಟೇ ಹೆಸರುವಾಸಿಯಾಗಿರಲಿ. ಬಳಸಿದ ಸೂಜಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಚುಚ್ಚಿದರೂ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಿಗೆ ನೇರ ಹೋಗಬೇಕು. ಹಾಕಿದ್ದೆಷ್ಟು, ತೆಗೆದದ್ದೆಷ್ಟು ಎಂದು ಎಣಿಸಿ ಬರೆಯಿರಿ. ಕೂದಲಿನೊಳಗೆ ಒಂದು ಉಳಿದುಹೋಗುವುದು ಸಾಮಾನ್ಯ. ಬಳಸಿದ ಸೂಜಿ ನಿಮಗೇ ಚುಚ್ಚಿಕೊಂಡರೆ ಸೋಪು ನೀರಿನಲ್ಲಿ ತೊಳೆದು ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮದ್ದು 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು.

ಸಂಶೋಧನೆ ಓದುವಾಗ ಎರಡೂ ಸಾಲು ಓದಿ

ಜರ್ಮನಿಯಲ್ಲಿ ಸೊಂಟನೋವಿನ 1162 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಿ. ಆರು ತಿಂಗಳ ನಂತರ ಅಕ್ಯುಪಂಕ್ಚರ್ ಪಡೆದವರಲ್ಲಿ 47.6% ಜನರಿಗೆ ಗುಣ ಕಂಡಿತು, ಮಾಮೂಲಿ ಚಿಕಿತ್ಸೆಯವರಲ್ಲಿ 27.4%. ಇಷ್ಟನ್ನೇ ಕ್ಲಿನಿಕ್ಕಿನ ಕರಪತ್ರದಲ್ಲಿ ಹಾಕುತ್ತಾರೆ. ಮೂರನೆಯ ಗುಂಪೊಂದಿತ್ತು: ಬಿಂದುಗಳಲ್ಲದ ಕಡೆ ಮೇಲುಮೇಲೆ ಸೂಜಿ ಹಾಕಿಸಿಕೊಂಡವರು. ಅವರಲ್ಲಿ 44.2%. ಬಿಂದು ಅಷ್ಟು ಮುಖ್ಯವೇ, ಸೂಜಿಯೇ ಸಾಕೇ, ನಂಬಿಕೆಯ ಪಾಲೆಷ್ಟು ಎಂಬ ಚರ್ಚೆ ಇಲ್ಲಿಂದ ಏಳುತ್ತದೆ. ಇದನ್ನು ಮುಚ್ಚಿಡದೆ ತರಗತಿಯಲ್ಲಿ ಮಾತಾಡುವ ಕಾಲೇಜು ಒಳ್ಳೆಯದು. ಕ್ಯಾನ್ಸರ್, ಕಿಡ್ನಿ ವೈಫಲ್ಯ ವಾಸಿಯಾಗುತ್ತದೆಂದು ಹೇಳಿಕೊಡುವ ಕಡೆ ಒಂದು ದಿನವೂ ಇರಬೇಡಿ.

ಕೊನೆಗೆ, ವೈದ್ಯರಿಗೆ ಚೀಟಿ ಬರೆಯಲು ಕಲಿಯಿರಿ

ಇದುವರೆಗೆ ಓದಿದ್ದೆಲ್ಲ ಕೆಲಸಕ್ಕೆ ಬರುವುದು ಈ ಅರ್ಧ ಪುಟದಲ್ಲಿ. ಅಕ್ಯುಪಂಕ್ಚರ್ ಕೇಸ್‌ಶೀಟಿನ "ಕಿಡ್ನಿ ಯಾಂಗ್ ಕೊರತೆ" ಎಂಬಂಥ ಚೀನಿ ಪದ್ಧತಿಯ ಮಾತು ಚೀಟಿಗೆ ಬರಬಾರದು. ರೋಗಿಗೂ ಬರಿದೇ "ಕಿಡ್ನಿ ವೀಕ್" ಎಂದು ಹೇಳಿದರೆ ಅವರು ರಾತ್ರಿಯಿಡೀ ಡಯಾಲಿಸಿಸ್ ನೆನೆದು ನಿದ್ದೆಗೆಡುತ್ತಾರೆ. ವೈದ್ಯರಿಗೆ ಬೇಕಾದದ್ದು ಕಂಡದ್ದು, ಕೇಳಿದ್ದು, ಮಾಡಿದ್ದು. ಹೀಗೆ:

"58 ವರ್ಷದ ಪುರುಷ. ಮೂರು ವಾರದಿಂದ ಸೊಂಟನೋವು, ನಿನ್ನೆಯಿಂದ ಬಲಗಾಲು ಸೋಲುತ್ತಿದೆ, ಇಂದು ಬೆಳಗಿನಿಂದ ಮೂತ್ರ ಹೋಗಿಲ್ಲ. ಸಕ್ಕರೆ ಕಾಯಿಲೆ ಇದೆ, ಮೆಟ್ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಬಲಗಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಲು ಆಗುತ್ತಿಲ್ಲ. ಹೋದ ವಾರ ಸೊಂಟ ಮತ್ತು ಕಾಲಿಗೆ ಒಮ್ಮೆ ಅಕ್ಯುಪಂಕ್ಚರ್ ಮಾಡಿದ್ದೇನೆ, ಇಂದು ಮಾಡಿಲ್ಲ. ತುರ್ತಾಗಿ ಪರೀಕ್ಷಿಸಬೇಕೆಂದು ಕೋರಿಕೆ."

ರೋಗದ ಹೆಸರನ್ನು ನೀವು ತೀರ್ಮಾನಿಸಿ ಬರೆಯಬೇಡಿ. ದಿನಾಂಕ, ಸಮಯ, ನಿಮ್ಮ ಫೋನ್ ನಂಬರ್ ಹಾಕಿ, ಚೀಟಿಯ ಫೋಟೋ ತೆಗೆದಿಟ್ಟುಕೊಂಡು, ರೋಗಿಯ ಜೊತೆ ಬಂದವರ ಕೈಗೆ ಕೊಡಿ. ಸಂಜೆ ಒಂದು ಕರೆ ಮಾಡಿ ಆಸ್ಪತ್ರೆಗೆ ತಲುಪಿದರೋ ಇಲ್ಲವೋ ವಿಚಾರಿಸಿ.